‘ಆಯ್ಕೆಯಾಗಿಲ್ಲ’ ಎಂದು ತಿಳಿಸುವುದು: ನೇಮಕಾತಿಯಲ್ಲಿ ಬಾಕಿ ಉಳಿಯುವ ಕೆಲಸ

ಉದ್ಯೋಗಕ್ಕೆ ಅರ್ಜಿ ಸಲ್ಲಿಸಿ, ಪರೀಕ್ಷೆ ಬರೆದು ಅಥವಾ ಸಂದರ್ಶನಕ್ಕೆ ಹಾಜರಾಗಿ, ಕೊನೆಗೆ ಆಯ್ಕೆಯಾಗದೆ ಉಳಿದ ಅಭ್ಯರ್ಥಿಗೆ ಆ ಸಂಗತಿಯನ್ನು ಸೌಜನ್ಯದಿಂದಲೂ ವಿಳಂಬವಿಲ್ಲದೆಯೂ ತಿಳಿಸುವುದು ನೇಮಕಾತಿ ಪ್ರಕ್ರಿಯೆಯ ಕೊನೆಯ ಹಂತ. ಕಚೇರಿಗಳಲ್ಲಿ ಇದಕ್ಕೆ ವಿಷಾದ ಪತ್ರ ಎನ್ನುವುದುಂಟು. ಜಾಹೀರಾತು, ಅರ್ಜಿ ಪರಿಶೀಲನೆ, ಪರೀಕ್ಷೆ, ಸಂದರ್ಶನ, ನೇಮಕಾತಿ ಆದೇಶ ಇವೆಲ್ಲಕ್ಕೂ ಒಬ್ಬೊಬ್ಬ ಹೊಣೆಗಾರ ಇರುತ್ತಾನೆ. ವಿಷಾದ ಪತ್ರಕ್ಕೆ ಮಾತ್ರ ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ಒಂದು ಹುದ್ದೆಗೆ ನೂರು ಮಂದಿ ಬಂದರೆ ತೊಂಬತ್ತೊಂಬತ್ತು ಮಂದಿಗೆ ಆ ಸಂಸ್ಥೆಯಿಂದ ಸಿಗಬೇಕಾದ ಏಕೈಕ ಕಾಗದ ಇದೇ ಆಗಿರುತ್ತದೆ ಎಂಬುದನ್ನು ಗಮನಿಸಿದರೆ ಈ ಲೋಪದ ಗಾತ್ರ ಅರ್ಥವಾದೀತು.

ವಿಜಯನಗರ ಜಿಲ್ಲೆಯ ಹೊಸಪೇಟೆ ತಾಲ್ಲೂಕಿನ ಮರಿಯಮ್ಮನಹಳ್ಳಿಯಂಥ ಪಟ್ಟಣದಲ್ಲಿ ಇದು ಬರಿಯ ಶಿಷ್ಟಾಚಾರದ ಪ್ರಶ್ನೆಯಾಗಿ ಉಳಿಯುವುದಿಲ್ಲ. ರಂಗಭೂಮಿ ಮತ್ತು ಜಾನಪದ ಕಲಾವಿದರ ಊರೆಂದು ಹೆಸರಾದ ಮರಿಯಮ್ಮನಹಳ್ಳಿಯ ಸುತ್ತಮುತ್ತ ಉದ್ಯೋಗದಾತರು ಕಡಿಮೆಯೇನಿಲ್ಲ. ಪಟ್ಟಣದ ಸಮೀಪದಲ್ಲೇ ಬಿಎಂಎಂ ಇಸ್ಪಾತ್ ಕಾರ್ಖಾನೆಯಿದೆ. ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ದೇಶದ ಅತಿ ದೊಡ್ಡ ಉಕ್ಕು ಸ್ಥಾವರಗಳಲ್ಲೊಂದಾದ ಜೆಎಸ್‌ಡಬ್ಲ್ಯು ಇದೆ. ದೋಣಿಮಲೈನಲ್ಲಿ ಕೇಂದ್ರ ಸರ್ಕಾರದ ಒಡೆತನದ ಎನ್‌ಎಂಡಿಸಿಯ ಗಣಿ, ಸಂಡೂರಿನಲ್ಲಿ ಖಾಸಗಿ ಗಣಿ ಕಂಪನಿಗಳು, ಹೊಸಪೇಟೆಯಲ್ಲಿ ತುಂಗಭದ್ರಾ ಮಂಡಳಿ, ಹಂಪಿಯಲ್ಲಿ 1991ರಲ್ಲಿ ಸ್ಥಾಪನೆಯಾದ ಕನ್ನಡ ವಿಶ್ವವಿದ್ಯಾಲಯ, ಪ್ರವಾಸಿಗರನ್ನು ನಂಬಿದ ಹೋಟೆಲುಗಳು, ಕಂಪ್ಲಿಯ ಭತ್ತದ ವ್ಯಾಪಾರ ಮತ್ತು ಅಕ್ಕಿ ಗಿರಣಿಗಳು ಇವೆಲ್ಲ ಈ ಭಾಗದ ಕೆಲಸದ ಮೂಲಗಳು.

ಆದರೆ ಕೆಲಸ ಇದ್ದಲ್ಲಿಗೆ ಹೋಗುವುದೇ ಒಂದು ಕೆಲಸ. ಮರಿಯಮ್ಮನಹಳ್ಳಿಯ ಐಟಿಐ ಪದವೀಧರನೊಬ್ಬ ತೋರಣಗಲ್ಲಿನಲ್ಲಿ ಬೆಳಗ್ಗೆ ಒಂಬತ್ತಕ್ಕೆ ಸಂದರ್ಶನವಿದೆಯೆಂದರೆ ನಸುಕಿನಲ್ಲಿ ಹೊರಟು, ಹೊಸಪೇಟೆಯಲ್ಲಿ ಬಸ್ಸು ಬದಲಿಸಿ, ಅಂಕಪಟ್ಟಿಗಳ ಜೆರಾಕ್ಸ್ ಮಾಡಿಸಿ, ಪಾಸ್‌ಪೋರ್ಟ್ ಅಳತೆಯ ಭಾವಚಿತ್ರ ಹಿಡಿದು, ಕಾರ್ಖಾನೆಯ ದ್ವಾರದಲ್ಲಿ ಸರದಿಗೆ ನಿಲ್ಲಬೇಕು. ಅಂದಿನ ಕೂಲಿ ಹೋಯಿತು, ಬಸ್ ಚಾರ್ಜು ಹೋಯಿತು. ಸಂಜೆ ಆತನಿಗೆ ಸಿಗುವುದು ಒಂದೇ ವಾಕ್ಯ: ‘ಆಯ್ತು, ತಿಳಿಸ್ತೀವಿ’.

ಬಳಿಕ ಬಹುತೇಕ ಯಾರೂ ತಿಳಿಸುವುದಿಲ್ಲ.

ಮೌನದ ವೆಚ್ಚ

ಹೀಗೆ ಕಾಯುವವನು ಸುಮ್ಮನೆ ಕಾಯುತ್ತಿರುವುದಿಲ್ಲ, ಬೇರೆ ಅವಕಾಶಗಳನ್ನು ಬಿಟ್ಟುಕೊಡುತ್ತಿರುತ್ತಾನೆ. ಕಂಪ್ಲಿ ಕಡೆ ನಾಟಿ ಕಾಲದಲ್ಲಿ ಟ್ರ್ಯಾಕ್ಟರ್ ಓಡಿಸಲು ಕರೆ ಬಂದರೆ ‘ಒಂದು ವಾರ ನೋಡಿ ಹೇಳುತ್ತೇನೆ’ ಎನ್ನುತ್ತಾನೆ. ಬೆಂಗಳೂರಿನ ಭದ್ರತಾ ಸಂಸ್ಥೆಯೊಂದರಲ್ಲಿ ಕೆಲಸವಿದೆಯೆಂದು ಗೆಳೆಯ ಕರೆದರೆ ‘ಇಲ್ಲೇ ಆಗುವ ಹಾಗಿದೆ’ ಎನ್ನುತ್ತಾನೆ. ಸರ್ಕಾರಿ ಹುದ್ದೆಯ ವಯೋಮಿತಿಯ ಅಂಚಿನಲ್ಲಿರುವವರಿಗಂತೂ ಪ್ರತಿ ತಿಂಗಳೂ ಲೆಕ್ಕದ್ದು. ಮನೆಯಲ್ಲಿ ಸಾಲದ ಕಂತು, ತಂಗಿಯ ಮದುವೆ, ಮುಂದಿನ ತರಬೇತಿಯ ಶುಲ್ಕ ಎಲ್ಲವೂ ಬಾರದ ಆ ಒಂದು ಫೋನ್ ಕರೆಗೆ ಜೋತುಬಿದ್ದಿರುತ್ತವೆ. ನಿರಾಕರಣೆಯಿಂದ ಆಗುವ ನೋವು ಒಂದೆರಡು ದಿನದ್ದು. ಉತ್ತರವೇ ಬಾರದಿದ್ದಾಗ ಆಗುವ ನಷ್ಟಕ್ಕೆ ಅವಧಿಯೇ ಇಲ್ಲ.

ಈ ಪ್ರದೇಶದ ಉದ್ಯೋಗ ಮಾರುಕಟ್ಟೆ ಒಮ್ಮೆ ಒಂದೇ ಏಟಿಗೆ ಕುಸಿದದ್ದುಂಟು. ಅಕ್ರಮ ಗಣಿಗಾರಿಕೆಯ ಹಿನ್ನೆಲೆಯಲ್ಲಿ 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ ಅದಿರು ಗಣಿಗಾರಿಕೆಗೆ ತಡೆ ನೀಡಿದಾಗ ಹೊಸಪೇಟೆ, ಸಂಡೂರು ಭಾಗದ ಲಾರಿ ಚಾಲಕರು, ಕ್ಲೀನರುಗಳು, ಯಂತ್ರ ನಿರ್ವಾಹಕರು, ತೂಕದ ಸೇತುವೆಯ ಗುಮಾಸ್ತರು ಏಕಕಾಲಕ್ಕೆ ಕೆಲಸ ಹುಡುಕುವವರಾದರು. ಮುಂದೆ ನ್ಯಾಯಾಲಯದ ಷರತ್ತುಗಳಿಗೆ ಒಳಪಟ್ಟು ಗಣಿಗಳು ಹಂತಹಂತವಾಗಿ ತೆರೆದವಾದರೂ, ಒಂದು ಹುದ್ದೆಗೆ ಅನುಭವಿಗಳೇ ಹತ್ತಾರು ಮಂದಿ ಬಂದು ನಿಲ್ಲುವುದು ಈ ಭಾಗದವರು ಕಂಡ ಸಂಗತಿ. ಅರ್ಜಿಗಳು ಹೆಚ್ಚಿದಷ್ಟೂ ‘ಇಷ್ಟೊಂದು ಜನಕ್ಕೆ ಉತ್ತರ ಬರೆಯುವುದು ಹೇಗೆ’ ಎಂಬ ಸಬೂಬೂ ಬಲಿಯುತ್ತದೆ.

ಮೌನಕ್ಕೆ ಇನ್ನೊಂದು ಬೆಲೆಯಿದೆ. ಸಂಸ್ಥೆಯು ಉತ್ತರ ಕೊಡದೆ ಬಿಟ್ಟ ಜಾಗದಲ್ಲಿ ಮಧ್ಯವರ್ತಿ ಬಂದು ಕೂರುತ್ತಾನೆ. ‘ನಿನ್ನ ಫೈಲು ಇನ್ನೂ ಸಾಹೇಬರ ಮೇಜಿನ ಮೇಲೇ ಇದೆ, ಸ್ವಲ್ಪ ನೋಡಿಕೊಂಡರೆ ಆಗುತ್ತದೆ’ ಎಂಬ ಅವನ ಮಾತು ನಂಬಿಕೆಗೆ ಅರ್ಹವಾಗುವುದು ಅಭ್ಯರ್ಥಿಗೆ ನಿರಾಕರಣೆ ತಲುಪಿಲ್ಲವೆಂಬ ಒಂದೇ ಕಾರಣಕ್ಕೆ. ನಕಲಿ ನೇಮಕಾತಿ ಪತ್ರ ತೋರಿಸಿ ಹಣ ಕೀಳುವವರ ಬಂಡವಾಳವೂ ಇದೇ. ನೇಮಕಾತಿಗೆ ಯಾರಿಗೂ ಹಣ ಕೊಡಬಾರದೆಂದು ದೊಡ್ಡ ಕಂಪನಿಗಳೂ ಸಾರ್ವಜನಿಕ ಉದ್ದಿಮೆಗಳೂ ಎಚ್ಚರಿಕೆ ಪ್ರಕಟಿಸುತ್ತಲೇ ಬಂದಿವೆ. ಸಂದರ್ಶನಕ್ಕೆ ಬಂದ ಪ್ರತಿಯೊಬ್ಬನಿಗೂ ‘ಈ ಹುದ್ದೆ ಭರ್ತಿಯಾಗಿದೆ, ತಾವು ಆಯ್ಕೆಯಾಗಿಲ್ಲ’ ಎಂಬ ಎರಡು ಸಾಲು ಮೊಬೈಲಿಗೆ ಹೋದರೆ ಅದು ಅಂಥ ಹತ್ತು ಎಚ್ಚರಿಕೆಗಳಿಗಿಂತ ಹೆಚ್ಚು ಕೆಲಸ ಮಾಡೀತು.

ಗುತ್ತಿಗೆ ನೇಮಕಾತಿಯಲ್ಲಿ ಪರಿಸ್ಥಿತಿ ಇನ್ನೂ ತೊಡಕಿನದು. ಕಾರ್ಖಾನೆಗೆ ಬೇಕಾದ ಕೆಲಸಗಾರರನ್ನು ಗುತ್ತಿಗೆದಾರ ಕರೆತರುತ್ತಾನೆ, ಅವನ ಮೇಸ್ತ್ರಿ ಊರಿನಲ್ಲಿ ಹೆಸರು ಬರೆದುಕೊಳ್ಳುತ್ತಾನೆ. ಕೆಲಸ ಕೊಡದಿದ್ದರೆ ‘ಕಂಪನಿಯವರು ಗೇಟ್ ಪಾಸ್ ಕೊಡಲಿಲ್ಲ’ ಎಂದು ಮೇಸ್ತ್ರಿಯೂ, ‘ಅದು ಗುತ್ತಿಗೆದಾರನ ವಿಷಯ’ ಎಂದು ಕಂಪನಿಯೂ ಹೇಳಿದರೆ ಅಭ್ಯರ್ಥಿ ಯಾರ ಉತ್ತರಕ್ಕೆ ಕಾಯಬೇಕು? ಹೆಸರು ಬರೆದುಕೊಂಡವನೇ ಉತ್ತರ ತಲುಪಿಸಬೇಕೆಂಬುದು ಇಲ್ಲಿ ಒಪ್ಪಬಹುದಾದ ಸರಳ ಸೂತ್ರ.

‘ಊರಿಗೆ ಹೋಗಿ ಕಾಗದ ಹಾಕುತ್ತೇವೆ’

ಇಲ್ಲ ಎನ್ನುವುದು ಕನ್ನಡಿಗರಿಗೆ ಎಂದೂ ಕಷ್ಟದ ಮಾತು. ಹೊರಡುವಾಗ ‘ಹೋಗುತ್ತೇನೆ’ ಎನ್ನದೆ ‘ಬರುತ್ತೇನೆ’ ಎನ್ನುವ ನಾಡು ಇದು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಕೇಸರಿಬಾತು ಮುಗಿಸಿ ‘ಊರಿಗೆ ಹೋಗಿ ಕಾಗದ ಹಾಕುತ್ತೇವೆ’ ಎಂದರೆ ಅದರ ಅರ್ಥವೇನೆಂದು ಹೆಣ್ಣಿನ ಮನೆಯವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಎದುರಿಗೇ ಮುಖ ಮುರಿಯಬಾರದೆಂಬ ಈ ದಾಕ್ಷಿಣ್ಯ ಮೆಚ್ಚುವಂಥದೇ. ಆದರೆ ಅದೇ ಮಾತನ್ನು ಕಾರ್ಖಾನೆಯ ಸಿಬ್ಬಂದಿ ವಿಭಾಗದವರು ಹೇಳಿದಾಗ ಇಪ್ಪತ್ತೆರಡರ ಹುಡುಗನಿಗೆ ಅದರ ಒಳಾರ್ಥ ತಿಳಿಯುವುದಿಲ್ಲ. ‘ತಿಳಿಸುತ್ತೇವೆ’ ಎಂದರೆ ತಿಳಿಸುತ್ತಾರೆಂದೇ ಅವನು ನಂಬುತ್ತಾನೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಈ ಮಾತಿಗೆ ಸೌಜನ್ಯದ ಹೆಸರು ಸಲ್ಲದು.

ಹಾಗೆಂದು ಕನ್ನಡದ ಆಡಳಿತಕ್ಕೆ ಲಿಖಿತ ನಿರಾಕರಣೆಯ ಪರಂಪರೆ ಇಲ್ಲವೆಂದಲ್ಲ. ಕಚೇರಿಗೆ ಬಂದ ಅರ್ಜಿಗೆ ಒಪ್ಪಿಗೆಯಾಗಲಿ ನಿರಾಕರಣೆಯಾಗಲಿ ಬರವಣಿಗೆಯಲ್ಲಿ ಕೊಡುವ ಉತ್ತರಕ್ಕೆ ‘ಹಿಂಬರಹ’ ಎಂಬ ಸೊಗಸಾದ ಹೆಸರೇ ಇದೆ. ಅರ್ಜಿ ಯಾವ ಕಾರಣಕ್ಕೆ ಪುರಸ್ಕೃತವಾಗಿಲ್ಲ ಎಂದು ಹಿಂಬರಹದಲ್ಲಿ ನಮೂದಾಗಬೇಕು. ಅದನ್ನು ಹಿಡಿದೇ ಅರ್ಜಿದಾರ ಮೇಲ್ಮನವಿಗೆ ಹೋಗುತ್ತಾನೆ. 2011ರಲ್ಲಿ ರೂಪುಗೊಂಡು 2012ರ ಏಪ್ರಿಲ್ 2ರಿಂದ ರಾಜ್ಯಾದ್ಯಂತ ಜಾರಿಗೆ ಬಂದ ‘ಸಕಾಲ’ ಯೋಜನೆ ಇದೇ ತತ್ವವನ್ನು ಗಡಿಯಾರಕ್ಕೆ ಕಟ್ಟಿತು. ನಿಗದಿತ ದಿನಗಳೊಳಗೆ ಸೇವೆ ಕೊಡಬೇಕು ಇಲ್ಲವೇ ಕಾರಣ ಸಹಿತ ನಿರಾಕರಿಸಬೇಕು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಅರ್ಜಿದಾರನಿಗೆ ಪರಿಹಾರ. ಹೀಗಾಗಿ ಕೆಲಸಕ್ಕೆ ಲಗತ್ತಿಸಬೇಕಾದ ಜಾತಿ ಪ್ರಮಾಣ ಪತ್ರವನ್ನು ನಿರಾಕರಿಸುವುದಕ್ಕೆ ಕಾಲಮಿತಿ ಇದೆ. ಆ ಪ್ರಮಾಣ ಪತ್ರ ಲಗತ್ತಿಸಿ ಕೊಟ್ಟ ಉದ್ಯೋಗದ ಅರ್ಜಿಯನ್ನು ನಿರಾಕರಿಸುವುದಕ್ಕೆ ಸಕಾಲದಲ್ಲಿ ಸ್ಥಾನವಿಲ್ಲ!

ಸರ್ಕಾರಿ ನೇಮಕಾತಿ: ಪಟ್ಟಿಯೇ ಉತ್ತರ

ಸರ್ಕಾರಿ ಹುದ್ದೆಗಳಲ್ಲಿ ಆಯ್ಕೆಯಾಗದವರಿಗೆ ಪ್ರತ್ಯೇಕ ಪತ್ರ ಬರುವುದು ವಿರಳ. ತಾತ್ಕಾಲಿಕ ಆಯ್ಕೆ ಪಟ್ಟಿ, ಆಕ್ಷೇಪಣೆಗೆ ಅವಕಾಶ, ಅಂತಿಮ ಆಯ್ಕೆ ಪಟ್ಟಿ, ಕೆಲವೊಮ್ಮೆ ಹೆಚ್ಚುವರಿ ಪಟ್ಟಿ ಈ ಕ್ರಮದಲ್ಲಿ ಪ್ರಕಟವಾಗುವ ಪಟ್ಟಿಗಳೇ ಉತ್ತರ. ಹೆಸರಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಕಲ್ಯಾಣ ಕರ್ನಾಟಕಕ್ಕೆ ಸೇರಿದ ಮರಿಯಮ್ಮನಹಳ್ಳಿ, ಹೊಸಪೇಟೆ, ಸಂಡೂರು, ಕಂಪ್ಲಿಯ ಅಭ್ಯರ್ಥಿಗಳಿಗೆ ಇದರಲ್ಲೊಂದು ವಿಶೇಷವಿದೆ. ಸಂವಿಧಾನದ 98ನೇ ತಿದ್ದುಪಡಿಯ ಮೂಲಕ ಬಂದ 371(ಜೆ) ವಿಧಿ ಮತ್ತು ಅದರ ಅನ್ವಯ 2013ರಲ್ಲಿ ಹೊರಟ ಆದೇಶದಂತೆ ಈ ಭಾಗದ ಕಚೇರಿಗಳ ‘ಸಿ’ ಗುಂಪಿನ ಹುದ್ದೆಗಳಲ್ಲಿ ಶೇ. 80, ‘ಡಿ’ ಗುಂಪಿನಲ್ಲಿ ಶೇ. 85 ಸ್ಥಳೀಯರಿಗೆ ಮೀಸಲು. ರಾಜ್ಯಮಟ್ಟದ ಕಚೇರಿಗಳಲ್ಲಿ ಶೇ. 8 ಮೀಸಲು. ಹೀಗಾಗಿ ಒಂದೇ ಅಧಿಸೂಚನೆಗೆ ಹೈದರಾಬಾದ್-ಕರ್ನಾಟಕ ವೃಂದ ಮತ್ತು ಉಳಿಕೆ ಮೂಲ ವೃಂದ ಎಂದು ಎರಡು ಪಟ್ಟಿಗಳು ಹೊರಡುತ್ತವೆ. ಒಂದು ಪಟ್ಟಿಯಲ್ಲಿ ಹೆಸರಿಲ್ಲವೆಂದು ಕೈಚೆಲ್ಲುವ ಮೊದಲು ಇನ್ನೊಂದನ್ನೂ ನೋಡಬೇಕು. ಕಟ್-ಆಫ್ ಅಂಕ ವೃಂದದಿಂದ ವೃಂದಕ್ಕೂ ಪ್ರವರ್ಗದಿಂದ ಪ್ರವರ್ಗಕ್ಕೂ ಬೇರೆಯಾಗಿರುತ್ತದೆ. ‘ತಮ್ಮ ಪ್ರವರ್ಗದ ಕಟ್-ಆಫ್ ಇಷ್ಟು, ತಮ್ಮ ಅಂಕ ಇಷ್ಟು’ ಎಂಬ ಒಂದು ಸಾಲು ಪ್ರತಿ ಅಭ್ಯರ್ಥಿಗೆ ಕಿರುಸಂದೇಶವಾಗಿ ಹೋಗಲು ಇಂದು ತಾಂತ್ರಿಕವಾಗಿ ಯಾವ ಅಡ್ಡಿಯೂ ಇಲ್ಲ.

ಕಾನೂನಿನ ಸ್ಥಿತಿ ಹೀಗಿದೆ. ಆಯ್ಕೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ನೇಮಕದ ಹಕ್ಕು ಬರುವುದಿಲ್ಲ, ಆದರೆ ನೇಮಿಸದೆ ಬಿಡುವಾಗ ಸರ್ಕಾರ ಮನಸೋಇಚ್ಛೆ ವರ್ತಿಸುವಂತಿಲ್ಲ ಎಂದು 1991ರಲ್ಲಿ ಶಂಕರಸನ್ ದಾಶ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ಶಾಸನಬದ್ಧ ಅಧಿಕಾರಿಯ ಆದೇಶ ಅದರಲ್ಲಿ ನಮೂದಿಸಿದ ಕಾರಣಗಳ ಮೇಲೆಯೇ ನಿಲ್ಲಬೇಕು, ಆಮೇಲೆ ಪ್ರಮಾಣ ಪತ್ರದ ಮೂಲಕ ಹೊಸ ಕಾರಣ ಜೋಡಿಸುವಂತಿಲ್ಲ ಎಂಬುದು 1977ರ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದ ತೀರ್ಪು. ಅದು ಚುನಾವಣಾ ವಿವಾದದಲ್ಲಿ ಬಂದದ್ದಾದರೂ ಎಲ್ಲ ಬಗೆಯ ಆಡಳಿತ ಆದೇಶಗಳಿಗೂ ಉಲ್ಲೇಖವಾಗುತ್ತಾ ಬಂದಿದೆ. ನಿರಾಕರಣೆಗೆ ನಿಜವಾದ ಕಾರಣವನ್ನು ಮೊದಲೇ ಬರೆಯುವುದು ಸೌಜನ್ಯವಷ್ಟೇ ಅಲ್ಲ, ಕಚೇರಿಯ ಹಿತವೂ ಹೌದು.

ಮಾಹಿತಿ ಹಕ್ಕು ಕಾಯಿದೆ ಬಂದ ಮೇಲೆ ಆಯ್ಕೆಯಾಗದವರ ಕೈಗೆ ಒಂದು ಸಾಧನ ಸಿಕ್ಕಿತು. ಪರೀಕ್ಷಾರ್ಥಿ ತನ್ನ ಮೌಲ್ಯಮಾಪನಗೊಂಡ ಉತ್ತರ ಪತ್ರಿಕೆಯನ್ನು ನೋಡಬಹುದು ಎಂದು 2011ರ ಆಗಸ್ಟ್‌ನಲ್ಲಿ ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 2018ರಲ್ಲಿ ಅಂಗೇಶ್ ಕುಮಾರ್ ಪ್ರಕರಣದಲ್ಲಿ ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯ ಅಂಕ ವಿವರಗಳನ್ನು ಯಾಂತ್ರಿಕವಾಗಿ ಕೊಡಬೇಕಿಲ್ಲವೆಂದು ಅದೇ ನ್ಯಾಯಾಲಯ ಮಿತಿ ಹಾಕಿತು. ಎರಡನ್ನೂ ಒಟ್ಟಿಗೆ ಓದಬೇಕು.

ಆಯ್ಕೆಯಾಗದವರಿಗೆ ವಿವರ ಸಿಗುವುದರಿಂದ ಏನಾಗುತ್ತದೆ ಎಂಬುದಕ್ಕೆ ರಾಜ್ಯದ ಪಿಎಸ್‌ಐ ನೇಮಕಾತಿ ಪ್ರಕರಣ ಕಣ್ಣಮುಂದಿದೆ. 545 ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆದು, 2022ರ ಜನವರಿಯಲ್ಲಿ ತಾತ್ಕಾಲಿಕ ಆಯ್ಕೆ ಪಟ್ಟಿ ಹೊರಬಿತ್ತು. ಪಟ್ಟಿಯಲ್ಲಿ ಇಲ್ಲದ ಅಭ್ಯರ್ಥಿಗಳು ಎತ್ತಿದ ಆಕ್ಷೇಪಗಳು, ಒಎಂಆರ್ ಹಾಳೆಯ ಬಗೆಗಿನ ಪ್ರಶ್ನೆಗಳು ಸಿಐಡಿ ತನಿಖೆಯವರೆಗೆ ಹೋಗಿ, ಏಪ್ರಿಲ್ 29ರಂದು ಸರ್ಕಾರ ಪರೀಕ್ಷೆಯನ್ನೇ ರದ್ದುಪಡಿಸಿತು. ಮರುಪರೀಕ್ಷೆಯ ನಿರ್ಧಾರವನ್ನು ಹೈಕೋರ್ಟ್ 2023ರ ನವೆಂಬರ್‌ನಲ್ಲಿ ಎತ್ತಿಹಿಡಿದ ಮೇಲೆ 2024ರ ಜನವರಿ 23ರಂದು ಮರುಪರೀಕ್ಷೆ ನಡೆಯಿತು. ಮೊದಲ ಪರೀಕ್ಷೆಗೂ ಎರಡನೆಯದಕ್ಕೂ ನಡುವೆ ಎರಡು ವರ್ಷ ಮೂರು ತಿಂಗಳು. ಪ್ರಾಮಾಣಿಕವಾಗಿ ಬರೆದವರು ಅಷ್ಟು ಕಾಲ ಆಯ್ಕೆಯಾದವರೂ ಅಲ್ಲ, ನಿರಾಕೃತರೂ ಅಲ್ಲ ಎಂಬ ಸ್ಥಿತಿಯಲ್ಲಿ ಉಳಿದರು.

ಖಾಸಗಿ ವಲಯದ ಲೆಕ್ಕ

ಖಾಸಗಿ ಸಂಸ್ಥೆಯು ಅಭ್ಯರ್ಥಿಗೆ ನಿರಾಕರಣೆಯನ್ನು ತಿಳಿಸಲೇಬೇಕೆಂದು ಭಾರತದಲ್ಲಿ ಸಾಮಾನ್ಯ ಕಾನೂನು ಇಲ್ಲ. ವಿಚಿತ್ರವೆಂದರೆ ಆಯ್ಕೆಯ ಫಲಿತಾಂಶವನ್ನು ತಿಳಿಸಬೇಕೆಂಬ ಗಡುವು ಅರುವತ್ತು ವರ್ಷಗಳ ಹಿಂದೆಯೇ ಇತ್ತು, ಆದರೆ ತಿಳಿಸಬೇಕಾದದ್ದು ಅಭ್ಯರ್ಥಿಗಲ್ಲ! 1959ರ ಉದ್ಯೋಗ ವಿನಿಮಯ ಕಚೇರಿಗಳ (ಖಾಲಿ ಹುದ್ದೆಗಳ ಕಡ್ಡಾಯ ಅಧಿಸೂಚನೆ) ಕಾಯಿದೆ ಖಾಸಗಿ ವಲಯದಲ್ಲಿ 25 ಅಥವಾ ಹೆಚ್ಚು ನೌಕರರಿದ್ದ ಸಂಸ್ಥೆಗಳಿಗೆ ಅನ್ವಯಿಸುತ್ತಿತ್ತು. ಅದರ 1960ರ ನಿಯಮಗಳಂತೆ ಸಂದರ್ಶನಕ್ಕೆ ಕನಿಷ್ಠ 15 ದಿನ ಮೊದಲು ಖಾಲಿ ಹುದ್ದೆಯನ್ನೂ, ಆಯ್ಕೆಯಾದ 15 ದಿನಗಳೊಳಗೆ ಫಲಿತಾಂಶವನ್ನೂ ಉದ್ಯೋಗ ವಿನಿಮಯ ಕಚೇರಿಗೆ ತಿಳಿಸಬೇಕಿತ್ತು. ಕಚೇರಿಯಿಂದ ಕಾರ್ಡು ಬಂತೆಂದು ಸಂದರ್ಶನಕ್ಕೆ ಹೋಗಿ ಬಂದ ಹಳೆಯ ತಲೆಮಾರಿನವರಿಗೆ ಆ ಫಲಿತಾಂಶ ಬೇಕಿದ್ದರೆ ಮತ್ತೆ ಅದೇ ಕಚೇರಿಗೆ ಹೋಗಿ ವಿಚಾರಿಸಬೇಕಿತ್ತು. ಆ ಕಾಯಿದೆಯನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ವಿಲೀನಗೊಳಿಸಲಾಗಿದ್ದು, ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಖಾಲಿ ಹುದ್ದೆಗಳನ್ನು ಈಗ ‘ವೃತ್ತಿ ಕೇಂದ್ರ’ಗಳಿಗೆ ವರದಿ ಮಾಡುವ ಕರ್ತವ್ಯ ಮುಂದುವರಿದಿದೆ.

ಅಭ್ಯರ್ಥಿಗೇ ತಿಳಿಸಬೇಕೆಂಬ ನಿಯಮಕ್ಕೆ ಕನ್ನಡಿಗರೂ ಸಾಕಷ್ಟು ಸಂಖ್ಯೆಯಲ್ಲಿ ನೆಲೆಸಿರುವ ಕೆನಡಾದ ಒಂಟಾರಿಯೊ ಪ್ರಾಂತ್ಯವನ್ನು ನೋಡಬೇಕು. ಅಲ್ಲಿ 2026ರ ಜನವರಿ 1ರಿಂದ, 25 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯು ಬಹಿರಂಗವಾಗಿ ಜಾಹೀರು ಮಾಡಿದ ಹುದ್ದೆಗೆ ಸಂದರ್ಶನ ನಡೆಸಿದರೆ, ಕೊನೆಯ ಸಂದರ್ಶನದಿಂದ 45 ದಿನಗಳೊಳಗೆ ನೇಮಕಾತಿಯ ತೀರ್ಮಾನ ಆಗಿದೆಯೇ ಎಂದು ಆ ಅಭ್ಯರ್ಥಿಗೆ ತಿಳಿಸುವುದು ಕಡ್ಡಾಯ. ನಮ್ಮ ಹಳೆಯ ನಿಯಮದ 25 ನೌಕರರ ಮಿತಿಯೇ ಅಲ್ಲಿಯೂ ಇರುವುದು ಕಾಕತಾಳೀಯ. ನಲವತ್ತೈದು ದಿನ ಹೆಚ್ಚಾಯಿತೆಂದು ಅನಿಸಿದರೂ ಕೊನೆಯಿಲ್ಲದ ‘ತಿಳಿಸುತ್ತೇವೆ’ಗಿಂತ ಅದು ಮೇಲು.

ತಿಳಿಸುವ ಬಗೆ

ಯಾವಾಗ ತಿಳಿಸಬೇಕು? ಅರ್ಜಿ ಪರಿಶೀಲನೆಯಲ್ಲೇ ಬಿಟ್ಟುಹೋದವರಿಗೆ ಪಟ್ಟಿ ಸಿದ್ಧವಾದ ವಾರದಲ್ಲಿ ಒಂದು ಸಂದೇಶ ಸಾಕು. ಸಂದರ್ಶನಕ್ಕೆ ಬಂದವರ ವಿಷಯ ಬೇರೆ. ಅವರು ಹಣ, ಸಮಯ ಎರಡನ್ನೂ ವ್ಯಯಿಸಿದ್ದಾರೆ. ತೀರ್ಮಾನವಾದ ಎರಡು ಮೂರು ದಿನಗಳಲ್ಲಿ ಅವರಿಗೆ ಫೋನ್ ಮಾಡಿ, ಅದರ ಬೆನ್ನಿಗೇ ಬರವಣಿಗೆಯಲ್ಲೂ ಕಳುಹಿಸುವುದು ಉಚಿತ. ಫೋನು ಹೆಸರು ಹಿಡಿದು, ‘ತಾವು’ ಎಂದು ಮಾತಾಡಿಸಿ, ಮೊದಲ ವಾಕ್ಯದಲ್ಲೇ ವಿಷಯ ಹೇಳಬೇಕು. ಊಟವಾಯಿತೇ, ಮಳೆ ಹೇಗಿದೆ ಎಂದು ಪೀಠಿಕೆ ಹಾಕಿದಷ್ಟೂ ಆ ಕಡೆಯವರ ಎದೆಯಲ್ಲಿ ಆಸೆ ಬೆಳೆಯುತ್ತದೆ. ಅಭ್ಯರ್ಥಿಯ ಬದಲು ತಂದೆಯೋ ಅಣ್ಣನೋ ಫೋನ್ ಎತ್ತಿದರೆ ಅವರಿಗೆ ಫಲಿತಾಂಶ ಹೇಳದೆ ಅಭ್ಯರ್ಥಿಗೇ ಕೊಡುವಂತೆ ಕೇಳುವುದು ಮರ್ಯಾದೆ.

ಮೊದಲ ಆಯ್ಕೆಯವನು ಸೇರದೆ ಹೋದರೆ ಎಂಬ ಭಯದಿಂದ ಉಳಿದವರನ್ನು ತೂಗುಹಾಕುವುದು ಸಂಸ್ಥೆಗಳ ಹಳೆಯ ಚಾಳಿ. ಎರಡನೆಯ, ಮೂರನೆಯ ಸ್ಥಾನದವರಿಗೆ ‘ತಾವು ಕಾಯ್ದಿರಿಸಿದ ಪಟ್ಟಿಯಲ್ಲಿದ್ದೀರಿ, ಈ ಪಟ್ಟಿ ಇಂಥ ದಿನಾಂಕಕ್ಕೆ ಮುಗಿಯುತ್ತದೆ, ಅಷ್ಟರೊಳಗೆ ಬೇರೆ ಕೆಲಸ ಸಿಕ್ಕರೆ ದಯವಿಟ್ಟು ಸೇರಿಕೊಳ್ಳಿ’ ಎಂದು ಹೇಳಿದರೆ ಸಂಸ್ಥೆಗೆ ಯಾವ ನಷ್ಟವೂ ಇಲ್ಲ. ನಾಲ್ಕನೆಯವರಿಂದಾಚೆಗೆ ಯಾರನ್ನೂ ಕಾಯಿಸುವ ಅಗತ್ಯವೇ ಇರುವುದಿಲ್ಲ.

ಭಾಷೆ ಅಭ್ಯರ್ಥಿಗೆ ತಿಳಿಯುವಂತಿರಬೇಕು. ಕನ್ನಡದಲ್ಲಿ ಜಾಹೀರಾತು, ಕನ್ನಡದಲ್ಲಿ ಸಂದರ್ಶನ ನಡೆಸಿ, ನಿರಾಕರಣೆಯನ್ನು ಮಾತ್ರ ಇಂಗ್ಲಿಷಿನಲ್ಲಿ ಕಳುಹಿಸಿದರೆ ಅದನ್ನು ಓದಿಸಿಕೊಳ್ಳಲು ಆತ ಮತ್ತೊಬ್ಬರ ಬಳಿ ಹೋಗಬೇಕಾಗುತ್ತದೆ. ನಿರಾಕರಣೆಗೆ ಸಾಕ್ಷಿಯೊಬ್ಬ ಸೇರಿಕೊಂಡಂತಾಯಿತು. ಅದೇ ಕಾರಣಕ್ಕೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಕೆಳಗಿನವರು ಆಯ್ಕೆಯಾಗಿಲ್ಲ’ ಎಂದು ಪಟ್ಟಿ ಹಾಕುವುದೂ ಸಲ್ಲದು. ಸಣ್ಣ ಊರಿನಲ್ಲಿ ಅದು ಸಂತೆಯಲ್ಲಿ ಕೂಗಿದ ಹಾಗೆ.

ಪತ್ರ ಹೀಗಿದ್ದರೆ ಸಾಕು:

“ಮಾನ್ಯರೇ, ನಮ್ಮ ಸಂಸ್ಥೆಯ ಫಿಟ್ಟರ್ ಹುದ್ದೆಗೆ ತಾವು ಅರ್ಜಿ ಸಲ್ಲಿಸಿ, ಈ ತಿಂಗಳ 4ರಂದು ಸಂದರ್ಶನಕ್ಕೆ ಬಂದಿದ್ದಿರಿ. ಇದ್ದ 2 ಹುದ್ದೆಗಳಿಗೆ ಬೇರೆ ಇಬ್ಬರನ್ನು ಆಯ್ಕೆ ಮಾಡಲಾಗಿದ್ದು, ತಮ್ಮನ್ನು ಆಯ್ಕೆ ಮಾಡಲು ಸಾಧ್ಯವಾಗಿಲ್ಲವೆಂದು ತಿಳಿಸಲು ವಿಷಾದಿಸುತ್ತೇವೆ. ಹೈಡ್ರಾಲಿಕ್ ಯಂತ್ರಗಳ ದುರಸ್ತಿಯಲ್ಲಿ ಅನುಭವವಿರುವವರಿಗೆ ಆದ್ಯತೆ ನೀಡಲಾಯಿತು. ಈ ಹುದ್ದೆಗೆ ಕಾಯ್ದಿರಿಸಿದ ಪಟ್ಟಿ ಇರುವುದಿಲ್ಲ. ತಮ್ಮ ಮೂಲ ಅಂಕಪಟ್ಟಿಗಳನ್ನು ಇದರೊಂದಿಗೆ ಹಿಂದಿರುಗಿಸಲಾಗಿದೆ. ದೂರದಿಂದ ಬಂದು ಹೋದ ತಮ್ಮ ಶ್ರಮಕ್ಕೆ ಕೃತಜ್ಞತೆಗಳು.”

ಇದರಲ್ಲಿ ಕಾರಣ ಹೇಳುವ ವಾಕ್ಯವೇ ಅತ್ಯಂತ ಉಪಯುಕ್ತ, ಅತ್ಯಂತ ವಿರಳ ಕೂಡ. ಕಾರಣವು ಕೆಲಸಕ್ಕೆ ಸಂಬಂಧಿಸಿರಬೇಕು, ವ್ಯಕ್ತಿಗಲ್ಲ. ಹೈಡ್ರಾಲಿಕ್ ಅನುಭವ ಬೇಕಿತ್ತೆಂದು ತಿಳಿದವನು ಮುಂದಿನ ಆರು ತಿಂಗಳಲ್ಲಿ ಅದನ್ನು ಕಲಿಯಬಲ್ಲ. ‘ತಾವು ನಮ್ಮ ನಿರೀಕ್ಷೆಗೆ ತಕ್ಕಂತಿರಲಿಲ್ಲ’ ಎಂದರೆ ಅವನಿಗೆ ಉಳಿಯುವುದು ಅವಮಾನ ಮಾತ್ರ. ‘ತಮ್ಮ ವಿವರಗಳನ್ನು ಕಡತದಲ್ಲಿಟ್ಟುಕೊಂಡು ಮುಂದೆ ಕರೆಯುತ್ತೇವೆ’ ಎಂಬ ಸಾಲನ್ನು ನಿಜವಾಗಿ ಕರೆಯುವ ಉದ್ದೇಶವಿಲ್ಲದಿದ್ದರೆ ಬರೆಯಬಾರದು. ಅದು ‘ತಿಳಿಸುತ್ತೇವೆ’ ಎಂಬುದರ ಇನ್ನೊಂದು ಅವತಾರವಷ್ಟೆ.

ಕೆಲವು ಕಾರಣಗಳನ್ನು ಬರೆಯಬಾರದು ಮಾತ್ರವಲ್ಲ, ಇಟ್ಟುಕೊಳ್ಳಲೂಬಾರದು. ‘ರಾತ್ರಿ ಪಾಳಿಗೆ ಹೆಣ್ಣುಮಕ್ಕಳು ಬೇಡ’, ‘ಮದುವೆಯಾದರೆ ಬಿಟ್ಟುಹೋಗುತ್ತಾರೆ’ ಎಂಬ ಮಾತುಗಳು ಸಂದರ್ಶನದ ಕೋಣೆಗಳಲ್ಲಿ ಇನ್ನೂ ಕೇಳಿಬರುತ್ತವೆ. ನೇಮಕಾತಿಯಲ್ಲಿ ಮಹಿಳೆಯರ ವಿರುದ್ಧ ತಾರತಮ್ಯವನ್ನು 1976ರ ಸಮಾನ ವೇತನ ಕಾಯಿದೆಯೇ ನಿಷೇಧಿಸಿತ್ತು. ಅದರ ಜಾಗಕ್ಕೆ ಬಂದಿರುವ 2019ರ ವೇತನ ಸಂಹಿತೆಯಲ್ಲೂ ಆ ನಿಷೇಧವಿದೆ. ಲಿಂಗತ್ವ ಅಲ್ಪಸಂಖ್ಯಾತರನ್ನು ಆ ಕಾರಣಕ್ಕಾಗಿ ಉದ್ಯೋಗದಲ್ಲಿ ತಾರತಮ್ಯಕ್ಕೆ ಗುರಿಪಡಿಸುವುದನ್ನು 2019ರ ಕೇಂದ್ರ ಕಾಯಿದೆ ತಡೆಯುತ್ತದೆ. ಕರ್ನಾಟಕ ಸರ್ಕಾರ 2021ರಲ್ಲಿ ನೇಮಕಾತಿ ನಿಯಮಗಳಿಗೆ ತಿದ್ದುಪಡಿ ತಂದು ಅವರಿಗೆ ಶೇ. 1 ಮೀಸಲಾತಿ ಕಲ್ಪಿಸಿತು. ಅದೇ ವರ್ಷ ಪದ್ಮಶ್ರೀ ಪಡೆದ ಜಾನಪದ ಕಲಾವಿದೆ ಮಂಜಮ್ಮ ಜೋಗತಿ ಅವರ ಕಾರ್ಯಕ್ಷೇತ್ರ ಮರಿಯಮ್ಮನಹಳ್ಳಿಯೇ ಎಂಬುದನ್ನು ಈ ಭಾಗದ ಉದ್ಯೋಗದಾತರು ಮರೆಯಲಾರರು.

ವೈದ್ಯಕೀಯ ತಪಾಸಣೆಯಲ್ಲಿ ಅನುತ್ತೀರ್ಣರಾದವರ ಪ್ರಕರಣಗಳು ಉಕ್ಕು ಮತ್ತು ಗಣಿ ಉದ್ಯಮದಲ್ಲಿ ಸಾಮಾನ್ಯ. ಕ್ರೇನ್ ಚಾಲಕನಿಗೆ ಬಣ್ಣ ಗುರುತಿಸುವ ದೃಷ್ಟಿ, ಎತ್ತರದಲ್ಲಿ ಕೆಲಸ ಮಾಡುವವನಿಗೆ ತಲೆ ಸುತ್ತದಿರುವುದು, ಸದ್ದಿನ ನಡುವೆ ಇರುವವನಿಗೆ ಕಿವಿ ಇವು ಸುರಕ್ಷತೆಯ ಪ್ರಶ್ನೆಗಳು. ತನಗೆ ವರ್ಣಾಂಧತೆಯಿದೆಯೆಂದು ಎಷ್ಟೋ ಯುವಕರಿಗೆ ಮೊದಲ ಬಾರಿ ಗೊತ್ತಾಗುವುದು ಇಂಥ ತಪಾಸಣೆಯಲ್ಲೇ. ಬರಿದೇ ‘ಮೆಡಿಕಲ್ ಆಗಲಿಲ್ಲ’ ಎಂದು ದ್ವಾರದಲ್ಲಿ ಹೇಳಿ ಕಳುಹಿಸಿದರೆ ಊರಿನಲ್ಲಿ ಇಲ್ಲದ ರೋಗಗಳ ಸುದ್ದಿ ಹಬ್ಬುತ್ತದೆ. ವರದಿಯನ್ನು ಅಭ್ಯರ್ಥಿಯೊಬ್ಬನಿಗೇ ಕೊಟ್ಟು, ಯಾವ ಬಗೆಯ ಕೆಲಸಕ್ಕೆ ಇದು ಅಡ್ಡಿ, ಯಾವುದಕ್ಕೆ ಅಲ್ಲ ಎಂದು ವೈದ್ಯರಿಂದಲೇ ಹೇಳಿಸುವುದು ಸರಿಯಾದ ಮಾರ್ಗ. ವರ್ಣಾಂಧತೆಯಿರುವ ಹುಡುಗ ರೈಲ್ವೆ ಲೋಕೊ ಪೈಲಟ್ ಹುದ್ದೆಗೆ ತಯಾರಿ ನಡೆಸುತ್ತಿದ್ದರೆ ಈ ಒಂದು ಮಾತು ಅವನ ಹಲವು ವರ್ಷಗಳನ್ನು ಉಳಿಸುತ್ತದೆ.

ಮೂಲ ದಾಖಲೆಗಳ ವಿಷಯದಲ್ಲಿ ವಿನಾಯಿತಿಯೇ ಇಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಐಟಿಐ ಪ್ರಮಾಣ ಪತ್ರಗಳನ್ನು ಪರಿಶೀಲಿಸಿ ಅಲ್ಲಿಯೇ ಹಿಂದಿರುಗಿಸಬೇಕು. ಅವು ಸಂಸ್ಥೆಯ ಕಪಾಟಿನಲ್ಲಿದ್ದರೆ ಅಭ್ಯರ್ಥಿ ಇನ್ನೆಲ್ಲಿಯೂ ಅರ್ಜಿ ಹಾಕಲಾರ.

ಅಭ್ಯರ್ಥಿಗಳ ಕಡೆಯಿಂದ

ಸಂದರ್ಶನ ಮುಗಿಸಿ ಏಳುವ ಮುನ್ನ ‘ಫಲಿತಾಂಶ ಯಾವ ದಿನಾಂಕದೊಳಗೆ ತಿಳಿಯುತ್ತದೆ, ಯಾರನ್ನು ವಿಚಾರಿಸಬೇಕು’ ಎಂದು ಕೇಳುವುದರಲ್ಲಿ ಅವಿನಯವಿಲ್ಲ. ಆ ದಿನಾಂಕ ದಾಟಿ ಒಂದು ವಾರವಾದರೆ ಒಮ್ಮೆ ಬರೆದು ಕೇಳಬಹುದು. ಅದಕ್ಕೂ ಉತ್ತರವಿಲ್ಲದಿದ್ದರೆ ಆಗಲಿಲ್ಲವೆಂದೇ ತಿಳಿದು ಮುಂದಿನ ದಾರಿ ನೋಡುವುದು ವಿವೇಕ. ಸರ್ಕಾರಿ ಹುದ್ದೆಯಾದರೆ ಆಕ್ಷೇಪಣೆಗೆ ಕೊಟ್ಟ ಅವಧಿ ಮುಗಿಯುವುದರೊಳಗೆ ಅಂಕ, ಪ್ರವರ್ಗ, ವೃಂದ ಮೂರನ್ನೂ ತಾಳೆ ನೋಡಬೇಕು. ಪ್ರವರ್ಗ ತಪ್ಪಾಗಿ ನಮೂದಾಗಿ ಹೆಸರು ಬಿಟ್ಟುಹೋಗುವುದುಂಟು, ಅಂತಿಮ ಪಟ್ಟಿ ಹೊರಟ ಮೇಲೆ ಅದನ್ನು ಸರಿಪಡಿಸಲು ನ್ಯಾಯಮಂಡಳಿಯ ಮೆಟ್ಟಿಲೇ ಹತ್ತಬೇಕು.

ಅರ್ಜಿಯಲ್ಲಿ ಕೊಟ್ಟ ವಿಳಾಸ, ಆಧಾರ್ ಪ್ರತಿ, ಭಾವಚಿತ್ರಗಳು ಏನಾಗುತ್ತವೆಂಬುದೂ ಈಗ ಕೇಳಬೇಕಾದ ಪ್ರಶ್ನೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಂತೆ ಉದ್ದೇಶ ಮುಗಿದ ಮೇಲೆ ಮಾಹಿತಿಯನ್ನು ಅಳಿಸಬೇಕು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಸಂಸ್ಥೆಗಳ ಮೇಲಿನ ಮುಖ್ಯ ಹೊಣೆಗಾರಿಕೆಗಳಿಗೆ 18 ತಿಂಗಳ ಕಾಲಾವಕಾಶ ನೀಡಲಾಗಿದೆ.

ಆಯ್ಕೆಯಾಗದವರ ವಿವರವನ್ನು ಅವರ ಹಿತಕ್ಕೇ ಬಳಸಿದ ಉದಾಹರಣೆಯೂ ಇದೆ. ಕೇಂದ್ರ ಲೋಕಸೇವಾ ಆಯೋಗವು ಸಂದರ್ಶನದವರೆಗೆ ಬಂದು ಕೊನೆಯಲ್ಲಿ ಶಿಫಾರಸಾಗದ ಅಭ್ಯರ್ಥಿಗಳ ಹೆಸರು, ಅಂಕಗಳನ್ನು ಅವರ ಒಪ್ಪಿಗೆ ಪಡೆದು ಇತರ ಉದ್ಯೋಗದಾತರಿಗೆ ಒದಗಿಸುವ ಯೋಜನೆಯನ್ನು 2018ರಲ್ಲಿ ಆರಂಭಿಸಿತು. 2025ರಲ್ಲಿ ಅದಕ್ಕೆ ‘ಪ್ರತಿಭಾ ಸೇತು’ ಎಂದು ಹೆಸರಿಟ್ಟು, ಖಾಸಗಿ ಸಂಸ್ಥೆಗಳೂ ನೋಂದಾಯಿಸಿಕೊಳ್ಳುವ ಅವಕಾಶ ನೀಡಿದೆ. ಹೊಸಪೇಟೆ–ತೋರಣಗಲ್ಲು ಭಾಗದಲ್ಲಿ ಒಂದು ಕಾರ್ಖಾನೆಗೆ ಬೇಡವಾದ ವೆಲ್ಡರ್ ಇನ್ನೊಂದಕ್ಕೆ ಬೇಕಾಗಿರುತ್ತಾನೆ. ಅಭ್ಯರ್ಥಿಯ ಒಪ್ಪಿಗೆ ಕೇಳಿ ಆ ಹೆಸರನ್ನು ಪಕ್ಕದ ಸಂಸ್ಥೆಗೆ ದಾಟಿಸಲು ಒಂದು ಫೋನ್ ಕರೆ ಸಾಕು.